ಅಂಗಪುನಶ್ಚೇತನದ ಸಂಶೋಧನೆಯೂ ಗಡಿನಾಡ ಕನ್ನಡಿಗರ ಕರ್ತವ್ಯವೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕಾರಿ ಮಂಡಲಿಯವರು ನನಗೆ ಅಪ್ಪಣೆ ಕೊಟ್ಟಾಗ, ನಾನು ಹಳಗನ್ನಡ ಕಾವ್ಯವನ್ನೋ ಶರಣರ ವಚನಗಳನ್ನೋ ಕುರಿತು ಮಾತನಾಡುವೆನೆಂದು ಅವರು ಎಣಿಸಿದ್ದಿರಬೇಕು. ಕನ್ನಡ ಪಂಡಿತನಾದವನಿಂದ ಬೇರೇನನ್ನು ತಾನೇ ನಿರೀಕ್ಷಿಸಲಾದೀತು? ಆದರೆ ಇಂದು ನಾನು ಆರಿಸಿಕೊಂಡಿರುವ ವಿಷಯ ಬೇರೆ. ಪೆಟ್ಟಿನಿಂದಲೋ ರೋಗದಿಂದಲೋ ಕೈ, ಕಾಲು, ಮಾತುಗಳ ಶಕ್ತಿಯನ್ನು ಕಳೆದುಕೊಂಡವರನ್ನು ಮರಳಿ ಬಾಳಿಗೆ ಹಚ್ಚುವ ವೈದ್ಯಶಾಖೆಯೊಂದಿದೆ. ಅದನ್ನು ಅಂಗಪುನಶ್ಚೇತನವೆಂದು ಕರೆಯೋಣ. ಆ ಶಾಖೆಯಲ್ಲಿ ಈಗತಾನೆ ಹೆಜ್ಜೆಯಿಡುತ್ತಿರುವ ತರುಣ ಸಂಶೋಧಕರಿಗೆ ಕೊಡತಕ್ಕ ಸಣ್ಣ ಸಹಾಯಧನಗಳೇ ನನ್ನ ಇಂದಿನ ವಿಷಯ. ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಮಾತು ಕಲಿಸುವುದು ನನ್ನ ಕಸುಬು. ಕಲಿತ ಮಾತು ಕಳೆದುಹೋದಾಗ ಮನುಷ್ಯನಿಗೆ ಏನಾಗುವುದೆಂಬುದನ್ನು ಕಣ್ಣಾರೆ ಕಂಡವನಾದುದರಿಂದ ಈ ಸಾಹಸಕ್ಕೆ ಕೈಹಾಕಿದ್ದೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ನಮ್ಮ ಸೀಮೆಯಲ್ಲಿ ‘ಪುನರ್ವಸನ’ ಎಂಬ ಮರಾಠಿ ಶಬ್ದವನ್ನು ಅರಿಯದ ಮನೆಯಿಲ್ಲ. 1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಸುತ್ತಿನ ಭೂಮಿ ನಡುಗಿತು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು 10,000 ಜನ ಮಡಿದರು. ದಪ್ಪ ಕಲ್ಲುಗೋಡೆಯ, ಮಣ್ಣುಮಾಳಿಗೆಯ ಮನೆಗಳು ನಮ್ಮ ಹಿರಿಯರಿಗೆ ಬೇಸಗೆಯಲ್ಲಿ ತಂಪು ಕೊಟ್ಟಿದ್ದವು. ಅಂದು ಅವೇ ಮಲಗಿದ್ದವರ ಮೈಮೇಲೆ ಕುಸಿದುಬಿದ್ದವು. ಮುಂದೆ ಸರಕಾರವು ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 52 ಊರುಗಳನ್ನು ಹಳೆಯ ಜಾಗ ಬಿಡಿಸಿ ಹೊಸದಾಗಿ ಕಟ್ಟಿತು. ಸಾಲುಸಾಲಾಗಿ ನಿಂತ ಆ ಹೊಸ ಊರುಗಳನ್ನೇ ನಾವು ಇಂದಿಗೂ ಪುನರ್ವಸನವೆಂದು ಕರೆಯುತ್ತೇವೆ. ಮನೆಗಳಿಗೆ ಪುನರ್ವಸತಿಯಾಯಿತು. ಮೈಗಳಿಗೆ ಆಯಿತೆ?

ಆಗ ನಾನು ಹನ್ನೆರಡು ವರ್ಷದ ಬಾಲಕ. ನನ್ನ ಸೋದರತ್ತೆಯ ಸೊಂಟದ ಮೇಲೆ ಗೋಡೆ ಬಿದ್ದಿತ್ತು. ದೊಡ್ಡ ಊರಿನ ಆಸ್ಪತ್ರೆಯ ವೈದ್ಯರು ಆಕೆಯ ಜೀವ ಉಳಿಸಿದರು. ಅವರ ಋಣ ದೊಡ್ಡದು. ಆದರೆ ನಡುವಿನಿಂದ ಕೆಳಗೆ ಆಕೆಗೆ ಸ್ಪರ್ಶಜ್ಞಾನವೂ ಇರಲಿಲ್ಲ, ಚಲನೆಯೂ ಇರಲಿಲ್ಲ. ಯಾರೋ ಪುಣ್ಯವಂತರು ಗಾಲಿಕುರ್ಚಿಯೊಂದನ್ನು ದಾನವಿತ್ತರು. ಆ ಕುರ್ಚಿ ಹೊಸ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಮಳೆಗಾಲದಲ್ಲಿ ಓಣಿಯ ಕರಿಮಣ್ಣು ಅದರ ಗಾಲಿಗಳನ್ನು ಹಿಡಿದುಕೊಂಡಿತು. ಎರಡನೆಯ ವರ್ಷ ಅದರ ಮೇಲೆ ಜೋಳದ ಚೀಲ ಕುಳಿತಿತು. ಅತ್ತೆ ಬಾಗಿಲ ಬಳಿಯ ಮಂಚದ ಮೇಲೆ ಹನ್ನೊಂದು ವರ್ಷ ಮಲಗಿದ್ದು, ಕಡೆಗೆ ಬೆನ್ನಿನ ಹುಣ್ಣು ನಂಜೇರಿ ತೀರಿಕೊಂಡಳು. ಬೆನ್ನುಹುರಿಗೆ ಪೆಟ್ಟಾದವರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಿದರೆ ಈ ಹುಣ್ಣು ಬಾರದೆಂಬುದನ್ನು ನಾನು ಓದಿ ತಿಳಿದುದು ಆಕೆ ಹೋದ ಬಹುಕಾಲದ ಮೇಲೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು 1944ರಿಂದಲೇ ಯುದ್ಧದ ಗಾಯಾಳುಗಳಿಗೆ ಹಗಲಿರುಳೂ ಈ ಉಪಚಾರವನ್ನು ಮಾಡಿಸುತ್ತಿದ್ದರು. ಅವರಿಗಿಂತ ಮೊದಲು ಅಂಥ ರೋಗಿಗಳು ಬಹುಕಾಲ ಬದುಕುವರೆಂಬ ಆಸೆ ಅಲ್ಪವಾಗಿತ್ತು. ಅವರ ಕಾಲದಲ್ಲಿ ಆ ರೋಗಿಗಳು ಬಿಲ್ಲುಗಾರಿಕೆಯ ಪಂದ್ಯ ಆಡಿದರು. 1944ರಲ್ಲಿ ಇಂಗ್ಲೆಂಡಿನಲ್ಲಿ ತಿಳಿದಿದ್ದ ಮಾತು 1993ರಲ್ಲಿ ನಮ್ಮ ಅತ್ತೆಯ ಮಂಚದವರೆಗೆ ಬಂದಿರಲಿಲ್ಲ. ಈ ದೂರವನ್ನು ಯಾರು ನಡೆದು ಮುಗಿಸಬೇಕು ಎಂಬುದೇ ನನ್ನ ಪ್ರಶ್ನೆ.

ಇದು ನಮ್ಮೊಂದು ಮನೆಯ ಕಥೆಯೆಂದು ತಾವು ತಿಳಿಯಬಾರದು. 2011ರ ಜನಗಣತಿಯಂತೆ ಭಾರತದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಮಹಾರಾಷ್ಟ್ರದಲ್ಲಿ 29 ಲಕ್ಷಕ್ಕಿಂತಲೂ ಹೆಚ್ಚು, ಕರ್ನಾಟಕದಲ್ಲಿ 13 ಲಕ್ಷಕ್ಕಿಂತಲೂ ಹೆಚ್ಚು. ಲಕ್ವಾ ಹೊಡೆದವರು, ಮೊಣಕಾಲು ಸವೆದವರು, ಅಪಘಾತದಲ್ಲಿ ಮುರಿದವರು ಇವರೆಲ್ಲರನ್ನೂ ಸೇರಿಸಿ ನೋಡಿದ ವಿದ್ವಾಂಸರು, 2019ರಲ್ಲಿ ಜಗತ್ತಿನ ಸುಮಾರು 241 ಕೋಟಿ ಜನರಿಗೆ, ಎಂದರೆ ಮೂವರಲ್ಲಿ ಒಬ್ಬರಿಗೆ, ಪುನಶ್ಚೇತನ ಚಿಕಿತ್ಸೆಯಿಂದ ಪ್ರಯೋಜನವಿದ್ದಿತೆಂದು ಅಂದಾಜು ಮಾಡಿದ್ದಾರೆ. ಈ ಸಭೆಯಲ್ಲಿ ತಮ್ಮ ಎಡಬಲಕ್ಕೆ ಕುಳಿತವರನ್ನು ನೋಡಿಕೊಂಡರೆ ಆ ಅಂದಾಜು ಅತಿಯೆನಿಸದು.

ಈ ಶಾಖೆಯ ಸಂಶೋಧನೆಗೆ ಒಂದು ವೈಶಿಷ್ಟ್ಯವುಂಟು. ಹೊಸ ಔಷಧವನ್ನು ಕಂಡುಹಿಡಿಯಲು ದೊಡ್ಡ ಪ್ರಯೋಗಶಾಲೆ ಬೇಕು, ಕೋಟಿಗಟ್ಟಲೆ ಹಣ ಬೇಕು. ಅಂಗಪುನಶ್ಚೇತನದ ಪ್ರಶ್ನೆಗಳಾದರೋ ಬಹುಮಟ್ಟಿಗೆ ಮನೆಯ ಹೊಸ್ತಿಲಿನಲ್ಲಿ, ಬಸ್ಸಿನ ಮೆಟ್ಟಿಲಿನಲ್ಲಿ, ಹೊಲದ ಬದುವಿನಲ್ಲಿ ಹುಟ್ಟುತ್ತವೆ. ಅವುಗಳನ್ನು ಕಾಣಲು ಆ ಹೊಸ್ತಿಲನ್ನು ಬಲ್ಲ ಕಣ್ಣು ಬೇಕು. ಇದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಜಯಪುರದ ಕೃತಕ ಕಾಲು. ಪಾಶ್ಚಾತ್ಯರು ಮಾಡಿದ ಕೃತಕ ಪಾದವು ಬೂಟು ಹಾಕಿ ಕುರ್ಚಿಯ ಮೇಲೆ ಕುಳಿತುಕೊಳ್ಳುವವನಿಗೆ ತಕ್ಕುದಾಗಿತ್ತು. ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುವ, ಕುಕ್ಕುರುಗಾಲಲ್ಲಿ ಕೂಡುವ, ಚಕ್ಕಳಮಕ್ಕಳ ಹಾಕಿ ಉಣ್ಣುವ ನಮ್ಮ ರೈತನಿಗೆ ಅದು ಹೊರೆಯಾಗುತ್ತಿತ್ತು. 1968ರಲ್ಲಿ ಜಯಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಡಾ. ಪ್ರಮೋದ ಕರಣ ಸೇಠಿ ಎಂಬ ಶಸ್ತ್ರವೈದ್ಯರೂ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿಯೂ ಕೂಡಿ ರಬ್ಬರು, ಕಟ್ಟಿಗೆಗಳಿಂದ ಹೊಸ ಪಾದವೊಂದನ್ನು ರೂಪಿಸಿದರು. ಶರ್ಮರಿಗೆ ಶಾಲೆಯ ವಿದ್ಯೆ ಅಲ್ಪ, ಕೈವಿದ್ಯೆ ಅಪಾರ. ರಬ್ಬರನ್ನು ಕಾಸಿ ಗಟ್ಟಿಮಾಡುವ ಹಂಚಿಕೆ ಅವರಿಗೆ ಟಯರು ದುರಸ್ತಿಯ ಅಂಗಡಿಯೊಂದರಲ್ಲಿ ಹೊಳೆಯಿತೆಂದು ಹೇಳುತ್ತಾರೆ. ಆ ಪಾದವನ್ನು ಧರಿಸಿದವನು ಬರಿಗಾಲಲ್ಲಿ ನಡೆಯಬಲ್ಲ, ಮರವನ್ನೂ ಹತ್ತಬಲ್ಲ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಎರಡನೆಯದು ನಮ್ಮ ಹಿರಿಯರ ರಾಜಧಾನಿಯಾಗಿದ್ದ ಹೈದರಾಬಾದಿನದು. ಡಾ. ಅಬ್ದುಲ್ ಕಲಾಮರು ಅಲ್ಲಿ ಕ್ಷಿಪಣಿಗಳನ್ನು ನಿರ್ಮಿಸುತ್ತಿದ್ದಾಗ, ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆವೈದ್ಯರೊಬ್ಬರು ಅವರ ಪ್ರಯೋಗಶಾಲೆಗೆ ಬಂದರು. ಕ್ಷಿಪಣಿಗಾಗಿ ತಯಾರಿಸಿದ್ದ ವಸ್ತುವೊಂದನ್ನು ಕೈಯಲ್ಲೆತ್ತಿ ಅದರ ಹಗುರಕ್ಕೆ ಬೆರಗಾದರು. ಒಡನೆಯೇ ಕಲಾಮರನ್ನು ತಮ್ಮ ಆಸ್ಪತ್ರೆಗೆ ಕರೆದೊಯ್ದು, ಮೂರು ಕಿಲೋಗಿಂತ ಹೆಚ್ಚು ತೂಕದ ಲೋಹದ ಕ್ಯಾಲಿಪರುಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆದಾಡುತ್ತಿದ್ದ ಮಕ್ಕಳನ್ನು ತೋರಿಸಿದರು. ಮೂರೇ ವಾರಗಳಲ್ಲಿ 300 ಗ್ರಾಮಿನ ಕ್ಯಾಲಿಪರು ಸಿದ್ಧವಾಯಿತು. ಮಕ್ಕಳು ಓಡಾಡಿದುದನ್ನು ಕಂಡು ತಂದೆತಾಯಂದಿರ ಕಣ್ಣಲ್ಲಿ ನೀರು ಬಂದುದನ್ನು ಕಲಾಮರು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ನೆನೆಯುತ್ತಿದ್ದರು. ವಸ್ತುವೂ ಇತ್ತು, ಅವಶ್ಯಕತೆಯೂ ಇತ್ತು; ಎರಡನ್ನೂ ಒಟ್ಟಿಗೆ ಕಂಡ ಒಂದು ಕಣ್ಣು ಮಾತ್ರ ಬೇಕಾಗಿತ್ತು.

ಮೂರನೆಯದು ವೆಲ್ಲೂರಿನದು. 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಎಂಬ ತರುಣ ಶಸ್ತ್ರವೈದ್ಯರು ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ನೋಡಿ, ಇವುಗಳನ್ನು ಬಿಡಿಸಲು ಏಕೆ ಯಾರೂ ಯತ್ನಿಸಿಲ್ಲವೆಂದು ಕೇಳಿದರು. ಕುಷ್ಠದಲ್ಲಿ ಮಾಂಸವೇ ಕೊಳೆತು ಬೆರಳು ಉದುರುವುದೆಂಬುದು ಅಂದಿನ ನಂಬಿಕೆ. ನೋವಿನ ಅರಿವು ಹೋದುದರಿಂದ ರೋಗಿಯು ಬಿಸಿಪಾತ್ರೆಯನ್ನೂ ಮೊಳೆಯನ್ನೂ ತಿಳಿಯದೆ ಗಾಯಮಾಡಿಕೊಳ್ಳುವನು, ಹಾನಿಗೆ ಅದೇ ಮುಖ್ಯ ಕಾರಣ ಎಂದು ಬ್ರಾಂಡರು ತೋರಿಸಿಕೊಟ್ಟರು. 1948ರಿಂದ ಅವರು ಸ್ನಾಯುರಜ್ಜುಗಳನ್ನು ಜೋಡಿಸಿ ಬೆರಳುಗಳನ್ನು ಬಿಡಿಸತೊಡಗಿದರು. ಅವರೊಡನೆ ದುಡಿದ ಡಾ. ಮೇರಿ ವರ್ಗೀಸರು 1954ರ ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡರೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ನ್ಯೂಯಾರ್ಕಿನಲ್ಲಿ ಪುನಶ್ಚೇತನಶಾಸ್ತ್ರವನ್ನು ಕಲಿತು ಬಂದು ವೆಲ್ಲೂರಿನಲ್ಲಿ ಆ ವಿಭಾಗವನ್ನು ಕಟ್ಟಿದರು. ರೋಗಿಯ ಸ್ಥಿತಿಯನ್ನು ಸ್ವತಃ ಅನುಭವಿಸಿದವರೇ ಶಾಸ್ತ್ರವನ್ನು ಕಟ್ಟಿದುದಕ್ಕೆ ಇದಕ್ಕಿಂತ ಉಜ್ವಲವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಮೂರರಲ್ಲಿಯೂ ಆರಂಭದಲ್ಲಿ ಹಣಕ್ಕಿಂತ ಪ್ರಶ್ನೆ ದೊಡ್ಡದಾಗಿತ್ತು. ಹಾಗಾದರೆ ಹಣವೇ ಬೇಡವೆ? ಬೇಕು, ಆದರೆ ಹದವರಿತು ಬೇಕು. ತಾವೆಲ್ಲ ಒಕ್ಕಲುತನದವರು. ಮೃಗಶಿರಾ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ನಾಲ್ಕು ಸೇರು ಬೀಜವಿಲ್ಲದೆ ಕೂರಿಗೆ ನಿಂತರೆ, ದೀಪಾವಳಿಗೆ ಚೀಲಗಟ್ಟಲೆ ಬೀಜ ತಂದುಕೊಟ್ಟವನಿಂದ ಏನು ಪ್ರಯೋಜನ? ತರುಣ ಸಂಶೋಧಕನ ಸ್ಥಿತಿ ಇದೇ. ದೊಡ್ಡ ನಿಧಿಯವರು, ‘ನೀನು ಹಿಂದೆ ಏನು ಮಾಡಿ ತೋರಿಸಿದ್ದೀಯೆ?’ ಎಂದು ಕೇಳುತ್ತಾರೆ. ಮಾಡಿ ತೋರಿಸಲು ಹಣ ಬೇಕು; ಹಣ ಸಿಗಲು ಮಾಡಿ ತೋರಿಸಿರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸುಳಿಯಲ್ಲಿ ಅವನು ಸಿಲುಕುತ್ತಾನೆ. ಆ ಸುಳಿಯಿಂದ ಎತ್ತುವುದು ಸಣ್ಣ ಸಹಾಯಧನ. ಹತ್ತಿಪ್ಪತ್ತು ರೋಗಿಗಳನ್ನು ನೋಡಲು, ಒಂದು ಸಲಕರಣೆಯ ಮೊದಲ ಮಾದರಿಯನ್ನು ಮಾಡಲು, ತನ್ನ ಊಹೆ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಅದು ಸಾಕು. ಊಹೆ ಸುಳ್ಳಾದರೆ ಅಲ್ಪದರಲ್ಲಿಯೇ ತಿಳಿಯಿತು. ನಿಜವಾದರೆ ದೊಡ್ಡ ನಿಧಿಯ ಬಾಗಿಲನ್ನು ತಟ್ಟಲು ಕೈಯಲ್ಲಿ ಸಾಕ್ಷ್ಯವಿದೆ.

ಈ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಶನ್ ಎಂಬ ಹೆಸರಿನಿಂದ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು, 1979ರಿಂದ ವೈದ್ಯವಿದ್ಯಾರ್ಥಿಗಳಿಗೆ ಎರಡು ತಿಂಗಳ ಅವಧಿಯ ಸಂಶೋಧನ ವೇತನವನ್ನು ಕೊಡುತ್ತ ಬಂದಿತು. ಇನ್ನೂ ಪದವಿಯನ್ನೇ ಪಡೆಯದ ಹುಡುಗನು ಒಂದು ಪ್ರಶ್ನೆಯನ್ನು ಹಿಡಿದು ಎರಡು ತಿಂಗಳು ದುಡಿಯುವ ಏರ್ಪಾಡದು. ಆದರೆ ವರದಿ ಒಪ್ಪಿಗೆಯಾದ ಮೇಲೆಯೇ ಹಣ ಕೈಸೇರುವುದು ಅದರ ನಿಯಮ. ಉಳ್ಳವರ ಮಕ್ಕಳಿಗೆ ಇದು ತೊಂದರೆಯಲ್ಲ. ಕೂಲಿಕಾರನ ಮಗಳಿಗೆ ಬಸ್ಸಿನ ಹಣ ಮೊದಲೇ ಬೇಕು. ವೆಲ್ಲೂರಿನ ಕಾಲೇಜು ತನ್ನೊಳಗೇ ‘ಫ್ಲೂಯಿಡ್ ಸಂಶೋಧನ ನಿಧಿ’ಯನ್ನು ಇಟ್ಟುಕೊಂಡು ಅಲ್ಲಿಯವರ ಸಣ್ಣ ಅಧ್ಯಯನಗಳಿಗೆ ನೆರವಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 28ನೆಯ ಕಲಮಿನಲ್ಲಿ, ಪುನಶ್ಚೇತನಕ್ಕೆ ಸಂಬಂಧಿಸಿದ ಸಂಶೋಧನೆಯನ್ನು ವ್ಯಕ್ತಿಗಳಿಂದಲೂ ಸಂಸ್ಥೆಗಳಿಂದಲೂ ಮಾಡಿಸುವುದು ಸರಕಾರಗಳ ಮತ್ತು ಸ್ಥಳೀಯ ಅಧಿಕಾರಿಗಳ ಕರ್ತವ್ಯವೆಂದು ಬರೆದಿದೆ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮತ್ತು ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಎಂಬ ಸಂಸ್ಥೆಗಳು ಮದರಾಸಿನ ಐಐಟಿಯೊಡನೆ ಸೇರಿ ‘ಕದಮ್’ ಎಂಬ ಕೃತಕ ಮೊಣಕಾಲನ್ನು 2022ರಲ್ಲಿ ಹೊರತಂದುದು, ಹಲವರು ಕೈಗೂಡಿಸಿದರೆ ನಮ್ಮ ನೆಲದಲ್ಲಿ ಏನಾಗಬಹುದೆಂಬುದಕ್ಕೆ ಸಾಕ್ಷಿ.

ಇನ್ನು ಕನ್ನಡಕ್ಕೆ ಬರುತ್ತೇನೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಹೆಸರನ್ನು ತಾವು ಕೇಳಿರಬಹುದು. ಕಿವುಡು, ತೊದಲು, ಮಾತಿನ ನಷ್ಟ ಇವುಗಳ ಚಿಕಿತ್ಸೆಯೂ ಶಿಕ್ಷಣವೂ ಅಲ್ಲಿ ನಡೆಯುತ್ತವೆ. ಮಿದುಳಿನ ಪೆಟ್ಟಿನಿಂದ, ಹೆಚ್ಚಾಗಿ ಲಕ್ವಾದಿಂದ, ಮಾತು ಕೆಡುವ ಸ್ಥಿತಿಗೆ ವೈದ್ಯರು ಅಫೇಸಿಯ ಎನ್ನುತ್ತಾರೆ. ಅದನ್ನು ಅಳೆಯುವ ಪರೀಕ್ಷೆಗಳು ಇಂಗ್ಲಿಷಿನಲ್ಲಿದ್ದುವು. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದರೆ ಸಾಲದು. ವಿಭಕ್ತಿಪ್ರತ್ಯಯಗಳು ನಾಮಪದದ ಕೊನೆಯಲ್ಲಿಯೂ ಲಿಂಗವಚನಗಳು ಕ್ರಿಯಾಪದದ ಕೊನೆಯಲ್ಲಿಯೂ ಕೂಡಿಕೊಳ್ಳುವ ನಮ್ಮ ಭಾಷೆಯ ಕಟ್ಟಡವೇ ಬೇರೆ. 1980ರ ಸುಮಾರಿನಲ್ಲಿ ಡಾ. ಪ್ರತಿಭಾ ಕಾರಂತರು ಕನ್ನಡಕ್ಕೆ ಹೊಂದುವ ಭಾಷಾಪರೀಕ್ಷೆಯನ್ನು ಸಿದ್ಧಪಡಿಸಿದರು. 2008ರಲ್ಲಿ ಡಾ. ಶ್ಯಾಮಲಾ ಚೆಂಗಪ್ಪ ಮತ್ತು ಅವರ ಸಹೋದ್ಯೋಗಿಗಳು ಪ್ರಸಿದ್ಧವಾದ ‘ವೆಸ್ಟರ್ನ್ ಅಫೇಸಿಯ ಬ್ಯಾಟರಿ’ಯ ಕನ್ನಡ ರೂಪಕ್ಕೆ ಬೇಕಾದ ಅಳತೆಗಳನ್ನು ಪ್ರಕಟಿಸಿದರು. ಅಫೇಸಿಯದ ಚಿಕಿತ್ಸೆಗೆ ಕನ್ನಡದಲ್ಲಿಯೇ ಕೈಪಿಡಿಯೂ ಬಂದಿತು. ಆ ಸಂಸ್ಥೆಯು ತನ್ನದೇ ಆದ ಸಂಶೋಧನ ನಿಧಿಯೊಂದನ್ನು ಇಟ್ಟುಕೊಂಡಿದೆ. ಇಂಥ ಹಲವು ಕೆಲಸಗಳ ಹಿಂದೆ ಆ ನಿಧಿಯ ಸಣ್ಣ ಸಣ್ಣ ಮೊತ್ತಗಳಿವೆ. ಕನ್ನಡ ನುಡಿಗೆ ನಿಘಂಟು ಬರೆದವರನ್ನು ನಾವು ಸನ್ಮಾನಿಸುತ್ತೇವೆ. ಕಳೆದ ಕನ್ನಡವನ್ನು ಬಾಯಿಗೆ ಮರಳಿಸಿದ ಇವರೂ ಆ ಸಾಲಿನಲ್ಲಿ ನಿಲ್ಲತಕ್ಕವರು.

ಆದರೆ ಮೈಸೂರಿನ ಕೆಲಸ ಮೈಸೂರಿನಲ್ಲಿಯೇ ಮುಗಿಯದು. ನಮ್ಮ ಗಡಿಯ ಸ್ಥಿತಿಯನ್ನು ನೋಡಿರಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದವರು. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯಲ್ಲಿದ್ದುವು. ಅನಂತರ ಮುಂಬಯಿ ರಾಜ್ಯ, 1960ರಿಂದ ಮಹಾರಾಷ್ಟ್ರ, 1982ರಲ್ಲಿ ಲಾತೂರ ಜಿಲ್ಲೆ. ಗಡಿಗಳು ಸರಿದಾಡಿದುವು; ಮನೆಮಾತು ಒಲೆಯ ಬಳಿಯಲ್ಲಿಯೇ ಉಳಿಯಿತು. ಹಿರಿಯರು ಶಾಲೆಯಲ್ಲಿ ಉರ್ದು ಕಲಿತರು, ಸಂತೆಯಲ್ಲಿ ಮರಾಠಿ ಆಡಿದರು, ಮನೆಯಲ್ಲಿ ಕನ್ನಡ ಆಡಿದರು. ಲಕ್ವಾ ಹೊಡೆದಾಗ ಈ ಮೂರರಲ್ಲಿ ಯಾವುದು ಮೊದಲು ಹೋಗುತ್ತದೆ, ಯಾವುದು ಮೊದಲು ಮರಳುತ್ತದೆ? ಮೊದಲು ಕಲಿತುದು ಕೊನೆಯವರೆಗೆ ಉಳಿಯುವುದೆಂಬ ತತ್ತ್ವವನ್ನು ಫ್ರಾನ್ಸಿನ ರಿಬೋ ಎಂಬವರು 1880ರ ದಶಕದಲ್ಲಿ ಹೇಳಿದರು. ಹೆಚ್ಚು ಬಳಸುತ್ತಿದ್ದುದೇ ಮೊದಲು ಮರಳುವುದೆಂದು ಅದೇ ದೇಶದ ಪೀತ್ರ್ ಎಂಬ ವೈದ್ಯರು 1895ರಲ್ಲಿ ವಾದಿಸಿದರು. ಎಲ್ಲ ಭಾಷೆಗಳೂ ಸಮನಾಗಿ ಮರಳುವವರೇ ಬಹುಮಂದಿ ಎಂದು ಮುಂದಿನವರು ಕಂಡರು. ನಮ್ಮ ಅಜ್ಜ ಅಜ್ಜಿಯರ ವಿಷಯದಲ್ಲಿ ಇವುಗಳಲ್ಲಿ ಯಾವುದು ನಿಜ ಎಂಬುದನ್ನು ಪ್ಯಾರಿಸಿನಲ್ಲಿ ಕುಳಿತು ಹೇಳಲಾಗದು.

ನನ್ನ ಗುರುಗಳೊಬ್ಬರಿದ್ದರು. ಬಾಲ್ಯದಲ್ಲಿ ಉರ್ದು ಶಾಲೆಗೆ ಹೋಗಿ, ಬಳಿಕ ಸ್ವಪ್ರಯತ್ನದಿಂದ ಕನ್ನಡ ಕಾವ್ಯಗಳನ್ನೋದಿ, ಮೂರು ದಶಕಗಳಿಗೂ ಮೇಲ್ಪಟ್ಟು ಈ ಸೀಮೆಯ ಮಕ್ಕಳಿಗೆ ಕನ್ನಡ ಕಲಿಸಿದವರು. ಕೆಲವು ವರ್ಷಗಳ ಹಿಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ನಗರದ ಆಸ್ಪತ್ರೆಯೊಂದರಲ್ಲಿ ಅವರಿಗೆ ಮರಾಠಿಯಲ್ಲಿ ಪ್ರಶ್ನೆ ಕೇಳಿದರು. ಅವರು ಸುಮ್ಮನೆ ನೋಡಿದರು. ‘ರೋಗಿಗೆ ಮಾತು ಅರ್ಥವಾಗುವುದಿಲ್ಲ’ ಎಂದು ಕಾಗದದಲ್ಲಿ ಬರೆದಾಯಿತು. ಕೇಳಿದವರದು ತಪ್ಪಲ್ಲ, ಅವರಿಗೆ ಗೊತ್ತಿದ್ದ ಭಾಷೆ ಅದು. ಮನೆಗೆ ಬಂದ ಮೂರನೆಯ ದಿನ ಗುರುಪತ್ನಿಯವರು ಎಂದಿನ ರೂಢಿಯಲ್ಲಿ, “ಏನ್ರಿ, ನನ್ನ ಹಣಿಗಿ ಎಲ್ಲದ?” ಎಂದು ತಮ್ಮಷ್ಟಕ್ಕೆ ಹುಡುಕುತ್ತಿದ್ದಾಗ, ಗುರುಗಳು ಎಡಗೈಯೆತ್ತಿ ಗೋಡೆಯ ಮಾಡವನ್ನು ತೋರಿಸಿದರು. ಹಣಿಗೆ ಅಲ್ಲಿಯೇ ಇತ್ತು.

ಆ ಮನೆಗೆ ಆಗ ಬಂದುಹೋಗುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ವಾಕ್‌ಚಿಕಿತ್ಸೆಯನ್ನು ಕಲಿತು ಆಗತಾನೆ ಕೆಲಸಕ್ಕೆ ಸೇರಿದ್ದಳು. “ಸರ್, ಅವರಿಗಿ ಎಲ್ಲಾ ತಿಳೀತದ, ನಾವು ಕೇಳೋದೇ ತಪ್ಪದ” ಎಂದಳು. ಮೈಸೂರಿನವರು ಬಾಚಣಿಗೆ ಎಂದುದು ನಮಗೆ ಹಣಿಗೆ. ಅವರ ಪೊರಕೆ ನಮ್ಮ ಕಸಬರಿಗೆ. ಅವರ ಲೋಟ ನಮ್ಮ ಗಿಲಾಸು. ಅವರ ಬಟ್ಟೆ ನಮ್ಮ ಅರಿವೆ. ಕೇಳುವವರು ಇದನ್ನರಿಯದಿದ್ದರೆ ರೋಗಿಯ ಸರಿಯುತ್ತರವೂ ತಪ್ಪೆಂದು ಎಣಿಕೆಗೆ ಬರುತ್ತದೆ. ಆಕೆ ನೂರು ಪುಟದ ನೋಟುಬುಕ್ಕಿನಲ್ಲಿ ನಮ್ಮ ಮನೆಮಾತಿನ ಶಬ್ದಗಳನ್ನೂ ಅವುಗಳ ಚಿತ್ರಗಳನ್ನೂ ಬರೆದಿಟ್ಟಳು. ಗುರುಗಳು ಅವುಗಳನ್ನು ನೋಡಿ ಒಂದೊಂದನ್ನೇ ನುಡಿಯಲು ಯತ್ನಿಸಿದರು. ತೀರಿಕೊಳ್ಳುವ ಮುನ್ನ ಹೆಂಡತಿಯ ಹೆಸರನ್ನೂ, ನೀರು, ರೊಟ್ಟಿ, ಸಾಕು ಎಂಬ ಮಾತುಗಳನ್ನೂ ಮರಳಿ ಪಡೆದಿದ್ದರು. ಸಾವಿರಾರು ಪದ್ಯ ಬಾಯಿಪಾಠವಿದ್ದ ಆ ಬಾಯಿಗೆ ಅವು ಅಲ್ಪವೆನಿಸಬಹುದು, ಗುರುಪತ್ನಿಯವರಿಗೆ ಅಲ್ಪವಾಗಿರಲಿಲ್ಲ.

ಈ ಪಟ್ಟಿಯನ್ನು ಉಮರಗಾ, ನಿಲಂಗಾ, ಉದಗೀರಗಳ ಮೂವತ್ತು ರೋಗಿಗಳಲ್ಲಿ, ಕನ್ನಡ ಮರಾಠಿ ಎರಡರಲ್ಲಿಯೂ, ಕ್ರಮವಾಗಿ ಪರೀಕ್ಷಿಸಬೇಕೆಂಬುದು ಆಕೆಯ ಆಸೆ. ಒಂದು ದೊಡ್ಡ ನಿಧಿಗೆ ಅರ್ಜಿ ಹಾಕಿದಳು. ‘ಪ್ರಕಟವಾದ ಲೇಖನಗಳು’ ಎಂಬ ಕಲಮಿನಲ್ಲಿ ಬರೆಯಲು ಆಕೆಗೆ ಏನೂ ಇರಲಿಲ್ಲ. ಸ್ವಂತ ಖರ್ಚಿನಿಂದ ಆರು ರೋಗಿಗಳನ್ನು ನೋಡಿ ಕೆಲಸ ನಿಲ್ಲಿಸಿದಳು. ಆ ನೋಟುಬುಕ್ಕು ಈಗ ನನ್ನ ಕಪಾಟಿನಲ್ಲಿದೆ. ಆ ಆರರಲ್ಲಿ ಇಬ್ಬರು ಈಗಿಲ್ಲ. ಮೂರು ಭಾಷೆಗಳನ್ನು ಹೊತ್ತ ಆ ಪೀಳಿಗೆಯು ದಿನದಿನಕ್ಕೆ ಕರಗುತ್ತಿದೆ. ಮುಂದೆ ಕೋಟಿ ರೂಪಾಯಿ ಸಿಕ್ಕರೂ ಕೇಳಲು ಅವರು ಇರುವುದಿಲ್ಲ. ಹದ ತಪ್ಪುವುದೆಂದರೆ ಇದೇ.

ಆದುದರಿಂದ ಸಂಘದ ಮುಂದೆ ನನ್ನ ಸೂಚನೆಯೊಂದನ್ನು ವಿನಯದಿಂದ ಇಡುತ್ತೇನೆ. 250 ಮನೆಗಳು ವರ್ಷಕ್ಕೆ 100 ರೂಪಾಯಿಯಂತೆ ಕೊಟ್ಟರೆ 25,000 ರೂಪಾಯಿಯಾಗುತ್ತದೆ. ಮೂವತ್ತು ಜನರ ಮನೆಗಳಿಗೆ ಎರಡೆರಡು ಬಾರಿ ಹೋಗಿಬರಲು ಒಂದು ಬಾರಿಗೆ 200ರಂತೆ 12,000. ಧ್ವನಿಮುದ್ರಣದ ಸಲಕರಣೆಗೆ 6,000. ಚಿತ್ರ ಮತ್ತು ಹಾಳೆಗಳ ಮುದ್ರಣಕ್ಕೆ 3,000. ಜೊತೆಗೆ ಹೋಗುವ ಸಹಾಯಕರಿಗೆ 4,000. ಲೆಕ್ಕ ಸರಿಹೋಯಿತು. ವರ್ಷಕ್ಕೊಬ್ಬ ತರುಣ ಅಥವಾ ತರುಣಿಗೆ, ಅಂಗಪುನಶ್ಚೇತನದ ಯಾವುದೇ ಪ್ರಶ್ನೆಗೆ, ಈ ಧನವನ್ನು ಕೊಡೋಣ. ಇಂದು ಮಾತು; ಬರುವ ವರ್ಷ ಹೊಸ್ತಿಲು ದಾಟುವ ಗಾಲಿಕುರ್ಚಿ; ಅದರ ಮುಂದಿನ ವರ್ಷ ಕೈಬಿದ್ದ ಹೆಣ್ಣುಮಗಳು ಒಂದೇ ಕೈಯಿಂದ ರೊಟ್ಟಿ ಬಡಿಯುವ ಬಗೆ.

ಕೊಡುವುದಕ್ಕೂ ಕಟ್ಟಳೆ ಬೇಕು. ಒಂದನೆಯದಾಗಿ, ಅರ್ಧ ಹಣವನ್ನು ಆರಂಭದಲ್ಲಿಯೇ ಕೊಡಬೇಕು. ಬಡವನಿಗೆ ಕೊನೆಯಲ್ಲಿ ಬರುವ ಹಣ ಹಣವಲ್ಲ. ಎರಡನೆಯದಾಗಿ, ಯಾವುದಾದರೊಂದು ಕಾಲೇಜು ಅಥವಾ ಆಸ್ಪತ್ರೆಯ ಹಿರಿಯರೊಬ್ಬರು ಮಾರ್ಗದರ್ಶಕರಾಗಿರಬೇಕು. ಅಲ್ಲಿಯ ನೀತಿಸಮಿತಿಯ ಒಪ್ಪಿಗೆ ಇರಬೇಕು. ಸಂಶೋಧನ ಮಂಡಳಿಯು 2017ರಲ್ಲಿ ಹೊರಡಿಸಿದ ನೀತಿಸೂತ್ರಗಳಂತೆ, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿಯನ್ನು ಪಡೆಯಬೇಕು. ಮಾತು ಹೋದವನಿಂದ ಸಮ್ಮತಿ ಪಡೆಯುವುದು ಹೆಚ್ಚಿನ ಎಚ್ಚರದ ಕೆಲಸ, ಮನೆಯವರೂ ಜೊತೆಗಿರಬೇಕು. ಮೂರನೆಯದಾಗಿ, ಆಯ್ಕೆಯಲ್ಲಿ ನಮ್ಮ ನೆಂಟಸ್ತಿಕೆ ಕೆಲಸಮಾಡಬಾರದು. ನನ್ನ ವಿದ್ಯಾರ್ಥಿನಿಯೂ ಎಲ್ಲರಂತೆ ಅರ್ಜಿ ಹಾಕಲಿ. ಆ ದಿನ ಆಯ್ಕೆಯ ಸಮಿತಿಯಲ್ಲಿ ನಾನು ಕೂಡುವುದಿಲ್ಲ. ನಾಲ್ಕನೆಯದಾಗಿ, ಫಲ ಏನೇ ಆಗಲಿ, ಯತ್ನ ವಿಫಲವಾದರೂ, ಅದರ ವರದಿಯನ್ನು ತಿಳಿಗನ್ನಡದಲ್ಲಿ ಬರೆದು ನಮ್ಮ ಸಂಚಿಕೆಯಲ್ಲಿ ಅಚ್ಚುಹಾಕಬೇಕು. ಹಣ ಕೊಟ್ಟ ತಾಯಿ ಅದನ್ನು ಓದಿ ತಿಳಿಯುವಂತಿರಬೇಕು.

‘ನಮ್ಮ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವಾಗ, ಇರುವ ಶಾಲೆಯ ಮಾಳಿಗೆ ಸೋರುತ್ತಿರುವಾಗ, ಈ ಸಂಶೋಧನೆಯ ಗೊಡವೆ ನಮಗೇಕೆ?’ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ನ್ಯಾಯವಾದುದು. ಆದರೆ ತಂದೆತಾಯಂದಿರು ಮಗುವನ್ನು ಕನ್ನಡ ಶಾಲೆಗೆ ಕಳಿಸಲು ಏಕೆ ಹಿಂಜರಿಯುತ್ತಾರೆ? ಈ ಭಾಷೆಯಿಂದ ಮುಂದೆ ಯಾವ ಕೆಲಸ ಆದೀತು ಎಂಬ ಶಂಕೆಯಿಂದ. ನಮ್ಮೂರ ಕನ್ನಡ ಶಾಲೆಯ ಹುಡುಗಿಯು ಅದೇ ಕನ್ನಡದ ಬಲದಿಂದ, ಇಂಗ್ಲಿಷ್ ಬಲ್ಲ ತಜ್ಞರಿಗೂ ಸಿಗದ ಉತ್ತರವನ್ನು ಒಬ್ಬ ಮುದುಕನ ಬಾಯಿಂದ ಪಡೆದಳೆಂದರೆ, ಆ ಶಂಕೆಗೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ನಾನರಿಯೆ. ಇನ್ನು ‘ಇದು ಸರಕಾರದ ಕೆಲಸವಲ್ಲವೆ?’ ಎನ್ನುವವರಿಗೆ: ಅಹುದು, ಕಾಯಿದೆಯೇ ಹಾಗೆ ಹೇಳುತ್ತದೆ, ನಾವು ಕೇಳುತ್ತಲೂ ಇರೋಣ. ಆದರೆ ಹಣಿಗೆಯೆಂಬ ಶಬ್ದದ ಬೆಲೆ ಮುಂಬಯಿಗೂ ದಿಲ್ಲಿಗೂ ತಾನಾಗಿ ತಿಳಿಯದು. ಅದನ್ನು ಬಲ್ಲವರು ನಾವು; ಮೊದಲ ಹೆಜ್ಜೆಯನ್ನೂ ನಾವೇ ಇಡಬೇಕು.

ಇಲ್ಲಿಂದ ಕೂಗಳತೆಯಲ್ಲಿರುವ ಬಸವಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದೇ ಉಸಿರಿನಲ್ಲಿ ಬೋಧಿಸಿದರು. ತರುಣರ ಸಂಶೋಧನೆ ಕಾಯಕವಾಗಲಿ, ನಮ್ಮ ನೂರು ರೂಪಾಯಿ ದಾಸೋಹವಾಗಲಿ. ಹನಿಹನಿ ಕೂಡಿದರೆ ಹಳ್ಳವೆಂಬ ಮಾತನ್ನು ನಾನು ತಮಗೆ ಹೇಳಬೇಕಾದುದಿಲ್ಲ. ಈ ಸಂಘವೇ ಹಾಗೆ ಕೂಡಿದ ಹಳ್ಳ.

ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ಡಬ್ಬಿಯನ್ನೂ ಆ ನೋಟುಬುಕ್ಕನ್ನೂ ಇಟ್ಟಿರುತ್ತೇನೆ. ಡಬ್ಬಿಯಲ್ಲಿ ಕೈಲಾದುದನ್ನು ಹಾಕಿರಿ. ನೋಟುಬುಕ್ಕಿನ ಕೊನೆಯ ಪುಟಗಳು ಖಾಲಿಯಿವೆ. ತಮ್ಮ ಮನೆಯಲ್ಲಿ ಅಜ್ಜಿಯರು ಆಡುವ, ಅದರಲ್ಲಿ ಇಲ್ಲದ ಶಬ್ದವೇನಾದರೂ ಇದ್ದರೆ ಅಲ್ಲಿ ಬರೆಯಿರಿ.